ಎರಡು ಸೊನ್ನೆ ಮತ್ತು ಒಂದು ಡಬ್ಬಿ ಮುರುಗಲು

ಮೊನ್ನೆ ಸೋಮವಾರ ನಾನು ಮಾಡಿದ ಕೆಲಸಗಳನ್ನು ದಿನಚರಿಯಲ್ಲಿ ಬರೆದುಕೊಂಡ ಹಾಗೆಯೇ ಇಲ್ಲಿ ಇಳಿಸುತ್ತೇನೆ. ಐದೂವರೆಗೆ ಎದ್ದು ನಳದ ನೀರು ತುಂಬಿದೆ. ನಮ್ಮವರಿಗೆ ಮಿಲ್ಲಿನಲ್ಲಿ ಮೊದಲ ಪಾಳಿ. ಬುತ್ತಿಗೆ ನಾಲ್ಕು ಚಪಾತಿ, ಹೀರೇಕಾಯಿ ಪಲ್ಯ ಕಟ್ಟಿದೆ. ಅತ್ತೆಗೆ ಬಿಪಿ ಗುಳಿಗೆ ಕೊಟ್ಟೆ, ನುಂಗುವವರೆಗೂ ಎದುರಿಗೇ ನಿಂತೆ. ಕಾಲೇಜಿಗೆ ಒಂದು ದಿನದ ರಜೆ ಹಾಕಿದೆ. ಮಳೆ ಹಿಡಿಯುವುದರೊಳಗೆ ಒಣಗಲಿ ಎಂದು ಎರಡು ಚಾದರ ಒಗೆದು ಹಾಕಿದೆ. ಮಿಕ್ಸರಿನ ಸಣ್ಣ ಜಾರಿನ ವಾಷರು ಹರಿದಿತ್ತು, ಹೊಸದು ತಂದು ಕೂರಿಸಿದೆ. ಹನ್ನೊಂದೂ ಹತ್ತಕ್ಕೆ ‘ಕಪಾಟು’ ತಂತ್ರಾಂಶದ ಹೊಸ ಆವೃತ್ತಿಯನ್ನು ಬಿಡುಗಡೆ ಮಾಡಿದೆ. ಹನ್ನೊಂದೂ ಕಾಲಿಗೆ ಅಕ್ಕಿಯಲ್ಲಿನ ಹುಳ ಆರಿಸಲು ಕುಳಿತೆ.

ಸಂಜೆ ಚಹಾದ ಹೊತ್ತಿಗೆ ಇದನ್ನು ಅತ್ತೆಗೆ ಓದಿ ಹೇಳಿದೆ. ಅವರಿಗೆ ಕಣ್ಣು ಮಂಜು, ಕಿವಿ ಮಾತ್ರ ಚುರುಕು. ಬೇರೆ ಮನೆಗಳಲ್ಲಿ ಅತ್ತೆಯಂದಿರು ಧಾರಾವಾಹಿ ನೋಡುವ ಹೊತ್ತಿಗೆ ನಮ್ಮ ಮನೆಯಲ್ಲಿ ನನ್ನ ದಿನಚರಿ ಕೇಳುತ್ತಾರೆ. “ಇದರಾಗ ದೊಡ್ಡ ಕೆಲಸ ಯಾವುದು?” ಎಂದರು. ಹನ್ನೊಂದೂ ಹತ್ತರದು ಎಂದೆ. “ಅದಕ್ಕ ಎಷ್ಟ ಹೊತ್ತು ಹಿಡೀತು?” ಒಂದು ಗುಂಡಿ ಒತ್ತುವುದಷ್ಟೇ ಎಂದೆ. “ಹಂಗಾರ ಎರಡು ತಿಂಗಳಿಂದ ಹುಣಸಿಹಣ್ಣು ಕಚ್ಚಿದವ್ರಂಗ ಮುಖ ಮಾಡಿಕೊಂಡು ಯಾಕ ಅಡ್ಡಾಡ್ತಿದ್ದಿ ಸರೋಜಾ?” ಎಂದರು. ಪ್ರಶ್ನೆ ನ್ಯಾಯವಾದದ್ದೇ. ಅವರಿಗೆ ಕೊಟ್ಟ ಉತ್ತರವನ್ನೇ ಸ್ವಲ್ಪ ಹಿಗ್ಗಿಸಿ ನಿಮಗೂ ಹೇಳುತ್ತೇನೆ.

ನಾನು ದಾಂಡೇಲಿಯ ಬಂಗೂರನಗರದಲ್ಲಿ ಒಂದು ಕಾಲೇಜಿನ ಗ್ರಂಥಾಲಯದಲ್ಲಿದ್ದೇನೆ. ಬಹಳ ವರ್ಷಗಳ ಹಿಂದೆ ಅಲ್ಲಿದ್ದ ಒಬ್ಬ ಮೇಷ್ಟ್ರು, ಯಾವ ಪುಸ್ತಕ ಯಾರ ಹತ್ತಿರ ಇದೆ ಎಂದು ಲೆಡ್ಜರಿನಲ್ಲಿ ಹುಡುಕಿ ಹುಡುಕಿ ಬೇಸತ್ತು, ಗ್ರಂಥಾಲಯಕ್ಕೆಂದೇ ಒಂದು ತಂತ್ರಾಂಶ ಬರೆದರು. ಅದಕ್ಕೆ ‘ಕಪಾಟು’ ಎಂದು ಹೆಸರಿಟ್ಟರು. ಅದು ಮುಕ್ತ ತಂತ್ರಾಂಶ. ಅಂದರೆ ಮಾಡಿದ ಅಡುಗೆಯ ಜೊತೆಗೆ ಮಾಡುವ ರೀತಿಯನ್ನೂ ಬರೆದು ಕೊಟ್ಟ ಹಾಗೆ. ಯಾರು ಬೇಕಾದರೂ ಒಯ್ಯಬಹುದು, ಖಾರ ಕಡಿಮೆ ಮಾಡಬಹುದು, ಬೆಲ್ಲ ಹೆಚ್ಚು ಮಾಡಬಹುದು, ಹಾಗೆ ಮಾಡಿದ್ದನ್ನು ಇನ್ನೊಬ್ಬರಿಗೂ ಬಡಿಸಬೇಕು. ಮೇಷ್ಟ್ರಿಗೆ ಬೇರೆ ಊರಿಗೆ ವರ್ಗವಾಯಿತು. ಹೋಗುವಾಗ, “ಇನ್ನು ಇದು ನಿಮ್ಮೆಲ್ಲರದು” ಎಂದರು. ಎಲ್ಲರದು ಎಂದು ಹೇಳಿದ್ದು ಕೊನೆಗೆ ಯಾರ ತಲೆಗೆ ಬರುತ್ತದೆ ಎಂಬುದು ಮನೆ ನಡೆಸುವವರಿಗೆ ಗೊತ್ತಿರುತ್ತದೆ. ಅವರು ಬರೆದಿಟ್ಟ ಸಾಲುಗಳನ್ನು ನಾನು ಮೊದಮೊದಲು ಭಯದಿಂದ, ಆಮೇಲೆ ಅಮ್ಮನ ಕೈಬರಹದ ಅಡುಗೆ ಪುಸ್ತಕ ಓದಿದ ಹಾಗೆ ಓದುತ್ತಾ ಕಲಿತೆ. ಈಗ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳ ಸಣ್ಣಪುಟ್ಟ ಗ್ರಂಥಾಲಯಗಳೆಲ್ಲ ಒಂದೇ ಕಪಾಟಿನ ಮೇಲೆ ನಡೆಯುತ್ತವೆ. ಕಾರ್ಡೂ ಒಂದೇ. ಹಳಿಯಾಳದಲ್ಲಿ ಒಯ್ದ ಪುಸ್ತಕವನ್ನು ಮುಂಡಗೋಡದಲ್ಲಿ ತಿರುಗಿ ಕೊಡಬಹುದು. ಕೊಡುವುದಿಲ್ಲ, ಅದು ಬೇರೆ ಮಾತು.

ಕಪಾಟು ಒಂಟಿಯಾಗಿ ಎಲ್ಲವನ್ನೂ ಮಾಡುವುದಿಲ್ಲ. ಅದಕ್ಕೆ ಪ್ಲಗಿನ್‌ಗಳೆಂಬ ಜೋಡಣೆಗಳಿವೆ. ಇದನ್ನು ಅತ್ತೆಗೆ ತಿಳಿಸಲು ನಾನು ಮಿಕ್ಸರನ್ನೇ ಕಟ್ಟೆಯ ಮೇಲಿಟ್ಟು ತೋರಿಸಬೇಕಾಯಿತು. ಕೆಳಗಿನ ಮೋಟರು ಇದೆಯಲ್ಲ, ಅದು ಕಪಾಟು. ಚಟ್ನಿ ಜಾರು, ಮಸಾಲೆ ಜಾರು, ದೊಡ್ಡ ಜಾರು ಇವೆಲ್ಲ ಪ್ಲಗಿನ್‌ಗಳು. ಜಾರುಗಳನ್ನು ಬೇರೆ ಬೇರೆಯವರು ಮಾಡುತ್ತಾರೆ, ಮೋಟರಿನ ತಲೆಗೆ ಸರಿಯಾಗಿ ಕೂತರೆ ಸಾಕು. ಆದರೆ ಮೋಟರಿನ ತಲೆಯನ್ನೇ ಬದಲಿಸಿದರೆ? “ಹಳೇ ಜಾರು ಒಂದೂ ಕೂಡಂಗಿಲ್ಲ,” ಎಂದರು ಅತ್ತೆ ತಕ್ಷಣ, “ಹೋದ ವರ್ಷ ಹೊಸಾ ಮಿಕ್ಸರ್ ತಂದಾಗ ನಾ ಹೇಳಿದ್ದೆ, ನೀವು ಕೇಳಲಿಲ್ಲ.” ಹೊಸ ಆವೃತ್ತಿ ಬಿಡುಗಡೆಯ ಸಮಸ್ಯೆ ಪೂರ್ತಿ ಅಷ್ಟೇ. ಮೋಟರು ಬದಲಾಗುವ ದಿನವೇ ಎಲ್ಲ ಜಾರುಗಳೂ ಬದಲಾಗಬೇಕು, ಜಾರು ಮಾಡುವವರೋ ಮೂರು ದಿಕ್ಕಿಗೆ ಮೂವರು.

ಮೊದಲನೆಯವನು ಹಳಿಯಾಳದ ದಾದಾಪೀರ. ಬಸ್‌ಸ್ಟ್ಯಾಂಡಿನ ಹತ್ತಿರ ಝೆರಾಕ್ಸ್ ಅಂಗಡಿ ಇಟ್ಟಿದ್ದಾನೆ, ಅಲ್ಲಿನ ವಾಚನಾಲಯದ ಕಂಪ್ಯೂಟರನ್ನೂ ಅವನೇ ನೋಡಿಕೊಳ್ಳುತ್ತಾನೆ. “ನೀವು ಒಯ್ದ ಪುಸ್ತಕ ತಿರುಗಿ ಕೊಡಿರಿ” ಎಂದು ಓದುಗರ ಫೋನಿಗೆ ಸಂದೇಶ ಕಳಿಸುವ ಪ್ಲಗಿನ್ ಅವನದು. ಎರಡನೆಯವಳು ಮುಂಡಗೋಡದ ಗೌರಿ. ಅಲ್ಲಿನ ಒಂದು ಸಿದ್ದಿ ಕೇರಿಯವಳು, ಹಾಸ್ಟೆಲ್ಲಿನ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತಾಳೆ. ಕಾರ್ಡು, ಲೇಬಲ್ಲು ಮುದ್ರಿಸುವ ಪ್ಲಗಿನ್ ಅವಳದು. ಅವಳ ಬಾಯಿಗೆ ದಾದಾಪೀರನೂ ಹೆದರುತ್ತಾನೆ. ಮೂರನೆಯವರು ಜೋಯಿಡಾ ಕಡೆಯ ವೇಳಿಪ ಮಾಸ್ತರರು. ಶಾಲೆಯ ಮಾಸ್ತರಿಕೆ ಮುಗಿಸಿ, ಜೋಳಿಗೆಯಲ್ಲಿ ಪುಸ್ತಕ ತುಂಬಿಕೊಂಡು ಕಾಡೊಳಗಿನ ಊರುಗಳಿಗೆ ನಡೆದು ಹೋಗಿ ಹಂಚಿ ಬರುತ್ತಾರೆ. ಅಲ್ಲಿ ನೆಟ್‌ವರ್ಕ್ ಇಲ್ಲ. ಫೋನಿಗೆ ಸಂದೇಶ ಬರುವುದೂ ಸಂತೆಗೆ ಇಳಿದಾಗಲೇ. ಹಾಗಾಗಿ ಯಾರು ಯಾವ ಪುಸ್ತಕ ಒಯ್ದರು ಎಂಬುದನ್ನು ಅಲ್ಲಿಯೇ ಬರೆದುಕೊಂಡು, ವಾರಕ್ಕೊಮ್ಮೆ ರಾಮನಗರಕ್ಕೆ ಸಂತೆಗೆ ಬಂದಾಗ ಕಪಾಟಿಗೆ ಏರಿಸುವ ಒಂದು ಪ್ಲಗಿನ್ನನ್ನು ತಾವೇ ಬರೆದುಕೊಂಡಿದ್ದಾರೆ. ಮನೆಮಾತು ಕೊಂಕಣಿ, ಕನ್ನಡವನ್ನು ಪಾಠ ಹೇಳಿದಷ್ಟೇ ಸ್ಪಷ್ಟವಾಗಿ ಆಡುತ್ತಾರೆ, ಅಷ್ಟೇ ಕಡಿಮೆ ಆಡುತ್ತಾರೆ.

ಈ ಮೂವರನ್ನು ಹೊಂದಿಸುವ ಕೆಲಸ ನನಗೆ ಹೇಗೆ ಬಂತು ಎಂದರೆ, ಒಮ್ಮೆ ನಾವು ನಾಲ್ವರೂ ಮೌಳಂಗಿಯಲ್ಲಿ ಹೊಳೆದಂಡೆಗೆ ಸೇರಿದ್ದೆವು. ಬುತ್ತಿ ನನ್ನದು. ಯಾರಿಗೆ ಎಷ್ಟು ರೊಟ್ಟಿ, ಯಾರಿಗೆ ಬೆಳ್ಳುಳ್ಳಿ ಆಗುವುದಿಲ್ಲ ಎಂದು ವಾರ ಮೊದಲೇ ಫೋನ್ ಮಾಡಿ ಕೇಳಿ ಬರೆದುಕೊಂಡಿದ್ದೆ. ಊಟವಾದ ಮೇಲೆ, ಇನ್ನು ಮುಂದೆ ಬಿಡುಗಡೆಗಳನ್ನು ಯಾರು ನೋಡಿಕೊಳ್ಳಬೇಕು ಎಂಬ ಮಾತು ಬಂತು. ಮೂವರೂ ಖಾಲಿಯಾದ ನನ್ನ ಡಬ್ಬಿಗಳನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಮತದಾನದ ಅಗತ್ಯವೇ ಬೀಳಲಿಲ್ಲ.

ಈ ಸಲದ ತೊಂದರೆ ಸಣ್ಣದು. ಕಾರ್ಡಿನ ಸಂಖ್ಯೆಗೆ ನಾಲ್ಕೇ ಅಂಕಿ ಎಂದು ಮೇಷ್ಟ್ರು ಬರೆದಿಟ್ಟಿದ್ದರು. ಈ ಕಾಡಿನ ಸೀಮೆಯಲ್ಲಿ ಹತ್ತು ಸಾವಿರ ಜನ ಪುಸ್ತಕ ಓದಿಯಾರು ಎಂದು ಅವರಿಗೆ ಅನ್ನಿಸಿರಲಿಕ್ಕಿಲ್ಲ. ಆದರೆ ವರ್ಷಗಳು ಹೋದವು, ಕಾರ್ಡುಗಳು ಏರಿದವು. ಒಂದು ದಿನ ದಾದಾಪೀರನ ಫೋನು. “ಅಕ್ಕಾರ, ಒಂಬತ್ತು ಸಾವಿರದ ಒಂಬೈನೂರಾ ಎಂಬತ್ತಾರಕ್ಕ ಬಂದು ನಿಂತೇವ್ರಿ. ಇನ್ನ ಹದಿಮೂರ ಕಾರ್ಡ ಉಳದಾವ. ಸೂಟಿ ಮುಗದು ಸಾಲಿ ಚಾಲೂ ಆದ್ರ ಹುಡುಗ್ರು ಸಾಲು ಹಚ್ತಾವ. ಹದಿನಾಲ್ಕನೇ ಹುಡುಗ ಬಂದ್ರ ಏನ ಮಾಡ್ಲಿ?” ಹದಿನಾಲ್ಕನೆಯ ಮಗು ಬಂದರೆ ಕಪಾಟು ತಿರುಗಿ ಒಂದರಿಂದ ಎಣಿಸುತ್ತದೆ. ಒಂದನೆಯ ಸಂಖ್ಯೆ ಹಳಿಯಾಳದ ಒಬ್ಬ ನಿವೃತ್ತ ಪೋಸ್ಟ್‌ಮಾಸ್ತರರದು. ಆ ಮಗು ಹೋಗಿ ಅವರ ಹೆಸರಿನ ಮೇಲೆ ಕುಳಿತುಬಿಡುತ್ತದೆ. ಅದು ಒಯ್ದ ಚಿತ್ರಪುಸ್ತಕಗಳೆಲ್ಲ ಪೋಸ್ಟ್‌ಮಾಸ್ತರರ ಲೆಕ್ಕಕ್ಕೆ, ಅವರು ಒಯ್ದ ಭಗವದ್ಗೀತೆ ಆ ಮಗುವಿನ ಲೆಕ್ಕಕ್ಕೆ.

ಪರಿಹಾರವೂ ಸಣ್ಣದೇ. ಕಾರ್ಡಿಗೆ ಆರು ಅಂಕಿ ಮಾಡುವುದು, ಹಳೆಯ ಸಂಖ್ಯೆಗಳ ಮುಂದೆ ಎರಡು ಸೊನ್ನೆ ಹಾಕುವುದು. ಕಪಾಟಿನಲ್ಲಿ ಅದನ್ನು ನಾನು ಮಾಡಿದೆ. ಮೂವರೂ ತಮ್ಮ ತಮ್ಮ ಪ್ಲಗಿನ್ನಿನಲ್ಲಿ ಆರು ಅಂಕಿಗೆ ಜಾಗ ಮಾಡಿಕೊಂಡು ನನಗೆ ತಿಳಿಸಬೇಕು ಎಂದು ಪತ್ರ ಬರೆದೆ. ದಾದಾಪೀರ, ಗೌರಿಗೆ ಇ-ಮೇಲ್. ವೇಳಿಪ ಮಾಸ್ತರರಿಗೆ ಅದನ್ನೇ ಮುದ್ರಿಸಿ, ಮಡಚಿ, ಜೋಯಿಡಾ ಬಸ್ಸಿನ ಕಂಡಕ್ಟರರ ಕೈಗೆ ಕೊಟ್ಟೆ. ನಮ್ಮಲ್ಲಿ ಮಾತ್ರೆ, ಲಗ್ನಪತ್ರಿಕೆ, ಮರೆತುಹೋದ ಕೊಡೆ, ಮಿಕ್ಸರಿನ ಜಾರು ಎಲ್ಲವೂ ಹೀಗೇ ಹೋಗಿ ಬರುತ್ತವೆ. ಗೌರಿ ಒಂದು ತಾಸಿನಲ್ಲಿ “ಆತು” ಎಂದು ಒಂದೇ ಶಬ್ದದ ಉತ್ತರ ಕಳಿಸಿದಳು. ದಾದಾಪೀರ ಮಾಡಿದ್ದೇನೆಂದು ಎರಡು ಪುಟ ಬರೆದ. ವೇಳಿಪ ಮಾಸ್ತರರಿಂದ ಸದ್ದಿಲ್ಲ. ಮೂರನೆಯ ವಾರ ಜೋಯಿಡಾ ಬಸ್ಸಿನಲ್ಲಿ ಅವರ ಕಡೆಯಿಂದ ಒಂದು ಸ್ಟೀಲ್ ಡಬ್ಬಿ ತುಂಬ, ಕೆಲವರು ಕೋಕಂ ಎನ್ನುವ ಮುರುಗಲು ಹಣ್ಣಿನ ಸಿಪ್ಪೆ ಬಂತು. ಒಣಗಿಸಿ ಉಪ್ಪು ಸವರಿದ್ದು, ಈ ವರ್ಷದ್ದು, ಕಪ್ಪಗೆ ಹೊಳೆಯುತ್ತಿತ್ತು. ಮುಚ್ಚಳ ತೆಗೆದರೆ ಮನೆಯೆಲ್ಲ ಹುಳಿ ವಾಸನೆ. ಅದನ್ನೂ ದಿನಚರಿಯಲ್ಲಿ ಬರೆದೆ. ಉತ್ತರ ಮಾತ್ರ ಇಲ್ಲ. ಅದೇ ವಾರ ಅವರು ಏನೋ ಒಂದು ತಿದ್ದುಪಡಿ ಏರಿಸಿದ್ದರು, ಅದರ ಮುಂದೆ “ಸಣ್ಣ ದುರಸ್ತಿ” ಎಂದಿತ್ತು. ಆದರೆ ಅವರು ಏನು ಮಾಡಿದರೂ ಹಾಗೆಯೇ ಬರೆಯುತ್ತಾರೆ. ಒಂದು ಸಲ ಕಾಗುಣಿತ ತಿದ್ದಿದಾಗಲೂ ಸಣ್ಣ ದುರಸ್ತಿ, ಇಡೀ ಪ್ಲಗಿನ್ನನ್ನೇ ಕಿತ್ತು ಹೊಸದಾಗಿ ಕಟ್ಟಿದಾಗಲೂ ಸಣ್ಣ ದುರಸ್ತಿ. ಒಂದು ಮಾತು ಹೇಳದೆ ಅವರು ಸೊನ್ನೆಯ ಕೆಲಸ ಮಾಡಿಯಾರೇ ಎಂದುಕೊಂಡು ನಾನು ಒಳಗೆ ಇಣುಕಲೂ ಇಲ್ಲ.

ಈಗ ನನ್ನ ಸಂಕಟ ನೋಡಿ. ಹಳಿಯಾಳಕ್ಕೆ ಕಾಯಲು ಆಗುವುದಿಲ್ಲ. ಶಾಲೆ ಶುರುವಾಗುವ ಸೋಮವಾರದೊಳಗೆ ಬಿಡುಗಡೆ ಆಗಲೇಬೇಕು. ಜೋಯಿಡಾವನ್ನು ಅವಸರಪಡಿಸಲು ಆಗುವುದಿಲ್ಲ. ಅವರ ಪ್ಲಗಿನ್ ಸಿದ್ಧವಾಗದೆ ಬಿಡುಗಡೆ ಮಾಡಿದರೆ ಜೋಳಿಗೆಯ ಓದುಗರ ಹೆಸರುಗಳನ್ನು ಕಪಾಟು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಕಾಡು ದಾಟಿ ಹೋಗುವ ಗ್ರಂಥಾಲಯ ಅದೊಂದೇ. “ಜೋಯಿಡಾದವ್ರನ್ನ ಬಿಟ್ಟು ಹೊಂಡೋಣ” ಎಂದು ಹೇಳುವ ಧೈರ್ಯ ನನಗಿಲ್ಲ, “ಹಳಿಯಾಳದ ಹುಡುಗರು ಕಾಯಲಿ” ಎನ್ನುವ ಧೈರ್ಯವೂ ಇಲ್ಲ. ನಿಜ ಹೇಳಬೇಕೆಂದರೆ ನನಗೆ ಯಾರಿಗೂ ‘ಇಲ್ಲ’ ಎಂದು ಹೇಳಿ ರೂಢಿಯಿಲ್ಲ. ಹಾಲಿನವನು ನೀರು ಹಾಕಿದರೂ “ಸ್ವಲ್ಪ ತೆಳುವಾಗಿತ್ತೇನೋ” ಎನ್ನುವವಳು ನಾನು. ಹಾಗಾಗಿ ಯಾರಿಗೂ ಹೇಳದೆ ಒಂದು ಉಪಕಾರ ಮಾಡಿದೆ. ವೇಳಿಪ ಮಾಸ್ತರರಿಂದ ಯಾವ ಸಂಖ್ಯೆ ಬಂದರೂ ಕಪಾಟೇ ಅದರ ಮುಂದೆ ಎರಡು ಸೊನ್ನೆ ಹಾಕಿಕೊಳ್ಳಲಿ ಎಂದು ಒಂದು ಸಾಲು ಸೇರಿಸಿದೆ. ಪಾಪ, ಕಾಡಿನಲ್ಲಿರುವ ಮನುಷ್ಯ, ಅವರಿಗೇಕೆ ಕಷ್ಟ ಎಂದು. ಆ ಸಾಲು ಬರೆದ ಮೇಲೆ ನನ್ನ ಬಗ್ಗೆ ನನಗೇ ತುಸು ಪ್ರೀತಿ ಬಂತು ಎಂಬುದನ್ನೂ ಮುಚ್ಚಿಡುವುದಿಲ್ಲ.

ಬಿಡುಗಡೆಯ ಹಿಂದಿನ ದಿನ, ರವಿವಾರ, ನಮ್ಮ ಅಡುಗೆಮನೆಯಲ್ಲಿ ತಾಲೀಮು ಇಟ್ಟುಕೊಂಡೆ. ನಿಜವಾದ ದಾಖಲೆಗಳ ಒಂದು ನಕಲು ಮಾಡಿ, ಅದರ ಮೇಲೆ ಹೊಸ ಕಪಾಟನ್ನೂ ಮೂರು ಪ್ಲಗಿನ್‌ಗಳನ್ನೂ ಓಡಿಸಿ ನೋಡುವುದು. ದಾದಾಪೀರ ಬೈಕಿನಲ್ಲಿ ಬಂದ. ಗೌರಿ ದೂರದವಳು, ಫೋನಿನಲ್ಲೇ ಇರುತ್ತೇನೆ ಎಂದಳು. ಫೋನನ್ನು ಸ್ಪೀಕರಿಗೆ ಹಾಕಿ ಸಕ್ಕರೆ ಡಬ್ಬಿಗೆ ಒರಗಿಸಿ ನಿಲ್ಲಿಸಿದೆ. ವೇಳಿಪ ಮಾಸ್ತರರಿಗೆ ಬಸ್ಸಿನವರ ಕೈಯಲ್ಲಿ ಹೇಳಿಕಳಿಸಿದ್ದೆ. ಬರುತ್ತಾರೋ ಇಲ್ಲವೋ ಎಂದುಕೊಳ್ಳುತ್ತಿರುವಾಗಲೇ ಬಿಳಿ ಅಂಗಿ, ಹೆಗಲಿಗೆ ಜೋಳಿಗೆ, ಅಂಗಿಯ ಕಿಸೆಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಪೆನ್‌ಡ್ರೈವ್ ಸಮೇತ ಬಾಗಿಲಿಗೆ ಬಂದು ನಿಂತರು. ಜೋಳಿಗೆಯೊಳಗೆ ಅರ್ಧ ಹಲಸಿನ ಹಣ್ಣು. ಅತ್ತೆ ವಾಸನೆಯಲ್ಲೇ ಗುರುತು ಹಿಡಿದು, “ಬರ್ರಿ ಮಾಸ್ತರ, ಒಳಗ ಬರ್ರಿ, ಬೀಜ ಹಿಡಕೊಂಡ ತಂದೀರಿಲ್ಲೋ?” ಎಂದರು.

ಹೋದ ವಾರ ಜೋಳಿಗೆಯಿಂದ ಪುಸ್ತಕ ಒಯ್ದವರ ಪಟ್ಟಿ ಪೆನ್‌ಡ್ರೈವಿನಲ್ಲಿತ್ತು. ಅದನ್ನು ಕಪಾಟಿಗೆ ಕೊಟ್ಟೆ. ಕಪಾಟು ತಕರಾರಿಲ್ಲದೆ ತೆಗೆದುಕೊಂಡಿತು. ದಾದಾಪೀರ ಸಂದೇಶದ ಗುಂಡಿ ಒತ್ತಿದ. ಪರದೆಯ ಮೇಲೆ ಓದುಗರ ಹೆಸರುಗಳು ಒಂದೊಂದಾಗಿ ಇಳಿದವು, ಪ್ರತಿ ಹೆಸರಿನ ಮುಂದೆಯೂ ಕೆಂಪು ಅಕ್ಷರದಲ್ಲಿ ‘ಊರು ಬಿಟ್ಟವರು, ಕಾರ್ಡು ಮುಚ್ಚಲಾಗಿದೆ’. ಒಬ್ಬರಲ್ಲ, ಇಬ್ಬರಲ್ಲ, ಜೋಳಿಗೆಯ ಅಷ್ಟೂ ಜನ. ಮಿಲ್ಲಿನ ಕಾಂಟ್ರ್ಯಾಕ್ಟ್ ಕೆಲಸಕ್ಕೆ ಬಂದವರು ಪುಸ್ತಕ ಒಯ್ದು ಫೋನ್ ನಂಬರೇ ಬದಲಿಸಿ ಹೋಗಿಬಿಡುತ್ತಿದ್ದ ಕಾಲದಲ್ಲಿ ದಾದಾಪೀರ ಆ ನಿಯಮ ಬರೆದಿದ್ದ. ಫೋನ್ ನಂಬರು ಇಲ್ಲವೇ ಇಲ್ಲ ಎಂದು ತಿಳಿದರೆ ಆ ಮನುಷ್ಯ ಊರು ಬಿಟ್ಟಿದ್ದಾನೆ ಎಂದು ಗುರುತು ಹಾಕಿ ಕಾರ್ಡು ಮುಚ್ಚುವುದು. ವೇಳಿಪ ಮಾಸ್ತರರು ಕನ್ನಡಕ ಏರಿಸಿ ಆ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದರು. “ಯಾರೂ ಊರು ಬಿಟ್ಟಿಲ್ಲ ಬಾಯೋರೆ. ನಿನ್ನೆ ಸಂಜೆ ಇವರೆಲ್ಲರನ್ನೂ ನೋಡಿ ಬಂದಿದ್ದೇನೆ,” ಎಂದರು. ಕಾಡೊಳಗಿನ ಊರಿನವರ ಮುಂದೆ ‘ಊರು ಬಿಟ್ಟವರು’ ಎಂಬ ಮಾತು ತಮಾಷೆಯಲ್ಲ. ಅದನ್ನು ಅವರು ಕಾಡು ಖಾಲಿ ಮಾಡಿಸುವ ಬೇರೆ ಬೇರೆ ಸರಕಾರಿ ಕಾಗದಗಳಲ್ಲಿ ಓದಿ ಹೆದರಿದವರು. ನಾಳೆ ನೇರವಾಗಿ ಬಿಡುಗಡೆ ಮಾಡಿದ್ದರೆ ಅಷ್ಟೂ ಕಾರ್ಡುಗಳು ನಿಜವಾಗಿಯೇ ಮುಚ್ಚಿಹೋಗುತ್ತಿದ್ದವು.

ಸಕ್ಕರೆ ಡಬ್ಬಿಗೆ ಒರಗಿದ್ದ ಫೋನು ಮಾತಾಡಿತು. “ಅಕ್ಕಾ, ಒಂದು ಕಾರ್ಡಿನ ಚಿತ್ರ ತಗದು ನನಗ ಕಳಸ್ರಿ.” ಕಳಿಸಿದೆ. ಗೌರಿ, “ಅಕ್ಕಾ, ಇದರಾಗ ನಂಬರ್ ಐತ್ಯೋ, ಮುತ್ತಿನ ಸರ ಐತ್ಯೋ? ಕಾರ್ಡಿನ ಅಂಚು ದಾಟಿ ಹೊರಗ ಹೊಂಟೈತಲ್ಲ!” ಎಂದಳು. ನಾನೂ ಕನ್ನಡಕ ಹಾಕಿಕೊಂಡು ಎಣಿಸಿದೆ. ನಾನೂರಾ ಹದಿನೇಳು ಎಂಬ ಬಡಪಾಯಿ ಸಂಖ್ಯೆಯ ಮುಂದೆ ಏಳು ಸೊನ್ನೆ ಸಾಲಾಗಿ ನಿಂತಿದ್ದವು. ಒಟ್ಟು ಹತ್ತು ಅಂಕಿ. “ಹತ್ತು ಅಂಕಿ ಕಂಡ್ರ ನನ್ನ ಪ್ಲಗಿನ್ ಅದನ್ನ ಮೊಬೈಲ್ ನಂಬರ್ ಅಂತ ತಿಳ್ಕೋತೈತ್ರಿ,” ಎಂದ ದಾದಾಪೀರ ಸಣ್ಣ ದನಿಯಲ್ಲಿ. ಅದರ ತಪ್ಪೇನಿದೆ? ಸೊನ್ನೆ ಸೊನ್ನೆ ಸೊನ್ನೆ ಎಂದು ಶುರುವಾಗುವ ಮೊಬೈಲು ಜಗತ್ತಿನಲ್ಲಿ ಯಾರ ಹತ್ತಿರವೂ ಇಲ್ಲ. ಆದ್ದರಿಂದ ಎಲ್ಲರೂ ಊರು ಬಿಟ್ಟವರು.

“ಈಗ ಖರೇ ಹೇಳ್ರಿ,” ಎಂದಳು ಗೌರಿ, ಹಾಸ್ಟೆಲ್ಲಿನ ಮಕ್ಕಳಿಗೆ ಹೇಳುವ ದನಿಯಲ್ಲಿ, “ಯಾರ್ಯಾರು ಸೊನ್ನಿ ಹಾಕೀರಿ, ಕೈ ಎತ್ರಿ.”

ಅವಳಿಗೆ ನಮ್ಮ ಕೈ ಕಾಣುವುದಿಲ್ಲ ಎಂಬುದು ಗೊತ್ತಿದ್ದೂ ನಾನು ಕೈ ಎತ್ತಿದೆ. ದಾದಾಪೀರ ತಲೆ ಕೆರೆದುಕೊಂಡ. “ಮಾಸ್ತರು ಕಾಡಿನ್ಯಾಗ ಇರ್ತಾರ, ಅವ್ರಿಗೆ ಯಾಕ ತ್ರಾಸು ಅಂತ ಅವ್ರ ಪಟ್ಟಿಗೆ ನಾನೂ ಎರಡು ಹಾಕೇನ್ರಿ ಅಕ್ಕಾರ. ನಿಮಗ ಹೇಳಿದ್ರ ನೀವು ಮನಸ್ಸಿಗೆ ಹಚ್ಕೋತೀರಿ ಅಂತ ಹೇಳಲಿಲ್ಲ.” ವೇಳಿಪ ಮಾಸ್ತರರು ಮೆಲ್ಲಗೆ, “ನಾನು ಮೊದಲೇ ಹಾಕಿದ್ದೆನಲ್ಲ. ನಿಮಗೆ ಯಾರಿಗೂ ತೊಂದರೆ ಬೇಡ ಎಂದು,” ಎಂದರು. ಮೊದಲೇ ಇದ್ದ ಒಂದು ಸೊನ್ನೆ, ಅದರ ಮೇಲೆ ಎರಡು, ಎರಡು, ಎರಡು. ಒಬ್ಬರಿಗೊಬ್ಬರು ತೊಂದರೆ ಕೊಡಬಾರದೆಂಬ ಒಳ್ಳೆಯತನದಲ್ಲಿ ನಾವು ಮೂವರೂ ಸೇರಿ ಒಂದು ಸೀಮೆಯ ಜನರನ್ನೇ ಊರು ಬಿಡಿಸಿದ್ದೆವು. “ನೀ ಹಾಕಲಿಲ್ಲೇನ ಗೌರಿ?” ಎಂದು ಕೇಳಿದೆ. “ನನಗ ಹೇಳಿದ್ದಷ್ಟ ಮಾಡೂದು ಗೊತ್ತು ಅಕ್ಕಾ. ನಿಮ್ಮಷ್ಟು ಒಳ್ಳೇಕಿ ಅಲ್ಲ ನಾ,” ಎಂದಳು.

“ಆದರೆ ನಾನು ತಿಳಿಸಿದ್ದೆ. ಬಸ್ಸಿಗೆ ಚೀಟಿ ಕೊಟ್ಟಿದ್ದೆ,” ಎಂದರು ಮಾಸ್ತರರು. ನಾನು ಎದ್ದುಹೋಗಿ ದಿನಚರಿ ತಂದೆ. ದಿನಚರಿ ಇರುವವಳ ಮುಂದೆ ಬಾಯಿಮಾತು ನಡೆಯುವುದಿಲ್ಲ. ಪುಟ ತೆಗೆದು ಎಲ್ಲರಿಗೂ ಕೇಳುವ ಹಾಗೆ ಓದಿದೆ: “ಜೋಯಿಡಾ ಬಸ್ಸಿಗೆ ವೇಳಿಪ ಮಾಸ್ತರರ ಡಬ್ಬಿ ಬಂತು. ಮುರುಗಲು. ಬಹಳ ಚೆನ್ನಾಗಿದೆ. ಚೀಟಿ ಇಲ್ಲ.” ಮಾಸ್ತರರು ಒಮ್ಮೆ ಅಡುಗೆಮನೆಯ ಕಟ್ಟೆಯ ಕಡೆ ನೋಡಿದರು. ಬಾಯಾರಿರಬೇಕು ಎಂದು ತಿಳಿದು ನಾನು ಒಂದು ಲೋಟ ಮುರುಗಲ ಪಾನಕ ಮಾಡಿ ತಂದುಕೊಟ್ಟೆ. ಅವರು ಅದನ್ನು ನಿಧಾನವಾಗಿ ಕುಡಿದು, “ಇರಲಿ ಬಾಯೋರೆ. ಬಸ್ಸಿನಲ್ಲಿ ಎಲ್ಲಿಯಾದರೂ ಬಿದ್ದಿರಬೇಕು,” ಎಂದರು. “ಈಗಿನ ಕಂಡಕ್ಟರುಗಳಿಗೆ ಲಕ್ಷ್ಯವೇ ಇಲ್ಲ” ಎಂದು ನಾನು ಒಂದು ಮಾತು ಸೇರಿಸಿದೆ. ಆ ಮಾತನ್ನು ದಯವಿಟ್ಟು ನೆನಪಿಡಿ, ಮುಂದೆ ಬೇಕಾಗುತ್ತದೆ.

ತಪ್ಪು ಸಿಕ್ಕಿತಲ್ಲ, ಇನ್ನೇನು ಎಂದು ಎಲ್ಲರ ಮುಖ ಅರಳಿತು. “ನಂದು ತಗೀತೇನ್ರಿ,” ಎಂದ ದಾದಾಪೀರ. “ಬೇಡ, ನಾನು ತೆಗೆಯುತ್ತೇನೆ,” ಎಂದರು ಮಾಸ್ತರರು. “ನೀವ್ಯಾಕ, ನಾ ತಗೀತೇನಿ,” ಎಂದೆ ನಾನು. ಒಬ್ಬರು ಕುರ್ಚಿಯ ಮೇಲೆ, ಒಬ್ಬರು ನೆಲದ ಮೇಲೆ, ನಾನು ಕಟ್ಟೆಗೆ ಒರಗಿ, ಮೂವರೂ ಟಕಟಕ ಒತ್ತಿದೆವು. ಮತ್ತೆ ಓಡಿಸಿದರೆ ಈ ಸಲ ಕಪಾಟು ಪಟ್ಟಿಯನ್ನು ಬಾಗಿಲಲ್ಲೇ ತಡೆದು ನಿಲ್ಲಿಸಿತು. ಯಾಕೆ ನೋಡಿದರೆ, ಮೂವರೂ ತೆಗೆದುಬಿಟ್ಟು ಒಂದೂ ಹೊಸ ಸೊನ್ನೆ ಉಳಿದಿರಲಿಲ್ಲ. ಹಳೆಯ ನಾಲ್ಕೇ ಅಂಕಿ. ಫೋನಿನಿಂದ ಗೌರಿ ನಕ್ಕ ನಗು ಪಕ್ಕದ ಮನೆಗೆ ಕೇಳಿರಬೇಕು. ಅದಾದ ಮೇಲೆ ಏನಾಯಿತು ಎಂದು ಬರೆಯಲು ನಾಚಿಕೆ. ಮೂವರೂ ಮತ್ತೆ ಹಾಕಲು ಶುರುಮಾಡಿದೆವು.

ಅಷ್ಟು ಹೊತ್ತಿಗೆ ಹಲಸಿನ ತೊಳ ಬಿಡಿಸುತ್ತ ಕೂತಿದ್ದ ಅತ್ತೆ ಕೊಬ್ಬರಿಯೆಣ್ಣೆ ಹಚ್ಚಿದ ಕೈಯನ್ನು ಎತ್ತಿದರು. “ನಿಲ್ಲಸ್ರಿ. ನಮ್ಮ ತವರುಮನಿಯಾಗ ಲಗ್ನ ಇದ್ರ ಹನ್ನೆರಡು ಮಂದಿ ಹೆಣ್ಮಕ್ಕಳು ಅಡಗಿಮನ್ಯಾಗ ಇರತಿದ್ರು. ಸಾರಿಗೆ ಉಪ್ಪು ಹಾಕಾಕಿ ಮಾತ್ರ ನಮ್ಮ ದೊಡ್ಡವ್ವ ಒಬ್ಬಾಕಿನ. ಉಳದವ್ರು ರುಚಿ ನೋಡಿ ಬೇಕಂದ್ರ ಬೇಕಂತ ಆಕಿಗೆ ಹೇಳೂದು. ಆಕಿ ಕಣ್ಣ ತಪ್ಪಿಸಿ ಚಿಟಿಕಿ ಉಪ್ಪು ಹಾಕಿದ್ರ ಕೈ ಮ್ಯಾಲೆ ಸೌಟು ಬೀಳತಿತ್ತು. ನಿಮ್ಮ ಪೈಕಿ ಉಪ್ಪು ಹಾಕಾವ್ರು ಯಾರು ಅಂತ ಮೊದಲ ಹೇಳ್ರಿ.”

ಎಲ್ಲರೂ ನನ್ನನ್ನು ನೋಡಿದರು. ಹೊಂದಿಸುವವಳು ನಾನು, ತೀರ್ಮಾನ ನನ್ನದು. ಎಲ್ಲರಿಗೂ ಹೂಂ ಹೂಂ ಎನ್ನುವುದನ್ನೇ ಹೊಂದಿಸುವುದು ಎಂದು ಇಷ್ಟು ವರ್ಷ ತಿಳಿದಿದ್ದೆ. ಗಂಟಲು ಸರಿಮಾಡಿಕೊಂಡು, “ಓದುಗರು ಮಾಸ್ತರರವರು. ಸೊನ್ನೆಯೂ ಅವರದೇ ಇರಲಿ. ನನ್ನ ಸಾಲು ತೆಗೆಯುತ್ತೇನೆ. ದಾದಾಪೀರ, ನಿಂದು ಬ್ಯಾಡ,” ಎಂದೆ. ದಾದಾಪೀರನ ಮುಖ ಸಣ್ಣಗಾಯಿತು. “ನಂದ್ಯಾಕ ಬ್ಯಾಡ್ರಿ ಅಕ್ಕಾರ? ನಂದು ಭಾಳ ಚಂದ ಬರದಿದ್ದೆ. ನಡುವ ವಿವರಣಾನೂ ಹಾಕಿದ್ದೆ,” ಎಂದ. ಹಿಂದಿನ ನಾನಾಗಿದ್ದರೆ ಹೋಗಲಿ ಅದೂ ಇರಲಿ ಎಂದುಬಿಡುತ್ತಿದ್ದೆ. ಈಗ ಹಲಸಿನ ತೊಳದ ತಟ್ಟೆಯನ್ನು ಅವನ ಕಡೆ ಸರಿಸಿ, “ಬ್ಯಾಡ ಅಂದ್ರ ಬ್ಯಾಡಪಾ. ಇದನ್ನ ತಿನ್ನು,” ಎಂದೆ. ತಿಂದ. ಎರಡನೆಯ ತೊಳಕ್ಕೆ ಅವನ ಸಿಟ್ಟು ಇಳಿಯಿತು. ಪಟ್ಟಿ ಓಡಿಸಿದೆವು. ಆರು ಅಂಕಿ, ಸಂದೇಶಗಳು ಸರಿಯಾದ ಫೋನುಗಳಿಗೆ ಹೊರಡಲು ಸಾಲಾಗಿ ನಿಂತವು, ಒಬ್ಬರೂ ಊರು ಬಿಟ್ಟಿರಲಿಲ್ಲ. ಮಾಸ್ತರರು ಮತ್ತೊಮ್ಮೆ ಮೇಲಿನಿಂದ ಕೆಳಗೆ ಎಲ್ಲ ಹೆಸರುಗಳನ್ನೂ ಓದಿ, ಕನ್ನಡಕ ಕಳಚಿ, “ಎಲ್ಲರೂ ಇದ್ದಾರೆ,” ಎಂದರು. ಮಧ್ಯಾಹ್ನದ ಬಸ್ಸಿಗೆ ಹೊರಟರು.

ಸೋಮವಾರ ಹನ್ನೊಂದೂ ಹತ್ತಕ್ಕೆ ಗುಂಡಿ ಒತ್ತಿದ ಮೇಲೆ ಅಕ್ಕಿ ಆರಿಸುತ್ತಿದ್ದೆ ಎಂದೆನಲ್ಲ, ನಿಜವಾಗಿ ಆರಿಸುತ್ತಿದ್ದದ್ದು ಹುಳವನ್ನೋ ಅಕ್ಕಿಯನ್ನೋ ತಿಳಿಯುತ್ತಿರಲಿಲ್ಲ. ಕಿವಿಯೆಲ್ಲ ಫೋನಿನ ಕಡೆ. ಹನ್ನೆರಡೂವರೆಗೆ ಹಳಿಯಾಳದಿಂದ ಕರೆ. ಹಿಂದೆ ಮಕ್ಕಳ ಗದ್ದಲ. “ಅಕ್ಕಾರ, ಹದಿನಾಲ್ಕನೇದು ಬಂತ್ರಿ! ಸೊನ್ನಿ, ಒಂದು, ಆಮ್ಯಾಲೆ ನಾಲ್ಕು ಸೊನ್ನಿ! ಹುಡುಗಿ ಹೆಸರು ಮೆಹಬೂಬಿ. ಕಾರ್ಡ್ ಹಿಡಕೊಂಡು ಕುಣದಾಡಾಕ ಹತ್ಯಾಳ. ಪೋಸ್ಟ್‌ಮಾಸ್ತರ ಇಲ್ಲೇ ಕುಂತಾರ, ಅವ್ರ ನಂಬರ್ ಅವ್ರ ಹತ್ರನ ಐತಿ!” ಆ ಕಡೆ ಯಾರೋ ಹಿರಿಯರು, “ನನ್ನ ನಂಬರಿಗೆ ಏನಾಗಿತ್ತು?” ಎಂದು ಕೇಳುವುದು ಕೇಳಿಸಿತು. ಏನೂ ಆಗಿರಲಿಲ್ಲ, ಏನೂ ಆಗಲಿಲ್ಲ. ನನ್ನ ಜೀವಮಾನದಲ್ಲಿ ‘ಏನೂ ಆಗಲಿಲ್ಲ’ ಎಂಬ ಸುದ್ದಿಗೆ ಅಷ್ಟು ಸಂತೋಷಪಟ್ಟದ್ದಿಲ್ಲ. ಎರಡು ತಿಂಗಳಿಂದ ಹೆಗಲ ಮೇಲೆ ಕೂತಿದ್ದ ತುಂಬಿದ ಕೊಡ ಯಾರೋ ಇಳಿಸಿಕೊಂಡ ಹಾಗಾಯಿತು. ಆರಿಸಿದ ಅಕ್ಕಿಯನ್ನು ಹುಳವಿದ್ದ ಮೊರಕ್ಕೇ ಸುರಿದು ಮತ್ತೆ ಮೊದಲಿನಿಂದ ಆರಿಸಿದೆ, ಬೇಸರ ಬರಲಿಲ್ಲ.

ಈಗ ಸಂಜೆಗೆ ಬರೋಣ. ದಿನಚರಿ ಓದಿ ಮುಗಿಸಿ, ಸಂಭ್ರಮಕ್ಕೆ ಮುರುಗಲ ಸಾರು ಮಾಡೋಣ ಎಂದು ಎದ್ದೆ. ಆ ಬಿಸಿಲಿಗೆ ದಿನಾ ಪಾನಕ ಮಾಡಿ, ಅಕ್ಕಪಕ್ಕದವರಿಗೆ ಹಿಡಿಹಿಡಿ ಕೊಟ್ಟು ಡಬ್ಬಿ ತಳ ಕಂಡಿತ್ತು. ಕೊನೆಯ ನಾಲ್ಕೈದು ಸಿಪ್ಪೆ ಕೈಗೆ ಬಂದವು, ಅವುಗಳ ಕೆಳಗೆ ಹಾಲಿನ ಪಾಕೀಟಿನ ತುಂಡಿನಲ್ಲಿ ಸುತ್ತಿದ, ನಾಲ್ಕು ಮಡಿಕೆ ಮಾಡಿದ ಒಂದು ಚೀಟಿ. ಪಾಠದ ಹಲಗೆಯ ಮೇಲೆ ಬರೆದಂಥ ದುಂಡು ಅಕ್ಷರ: “ಬಾಯೋರಿಗೆ ನಮಸ್ಕಾರ. ಪತ್ರ ಮುಟ್ಟಿತು. ಎರಡು ಸೊನ್ನೆಗಳನ್ನು ನಾನೇ ಹಾಕಿ ರಾಮನಗರದಿಂದ ಏರಿಸಿದ್ದೇನೆ. ನೀವು ಯಾರೂ ಮತ್ತೆ ಹಾಕುವ ತೊಂದರೆ ತೆಗೆದುಕೊಳ್ಳಬಾರದು. ಚೀಟಿ ಹಾರಿಹೋಗದಿರಲಿ ಎಂದು ತಳಕ್ಕೆ ಇಟ್ಟಿದ್ದೇನೆ.”

ಹದಿನೈದು ದಿನ. ಮೂವರು ಜನ ಕೋಡು ಬರೆದು, ತೆಗೆದು, ಮತ್ತೆ ಬರೆದು ಒದ್ದಾಡಿದ ಪ್ರಶ್ನೆಯ ಉತ್ತರ ಹದಿನೈದು ದಿನ ನನ್ನ ಅಡುಗೆಕಟ್ಟೆಯ ಮೇಲೆ, ಸಾಸಿವೆ ಡಬ್ಬಿಯ ಪಕ್ಕದಲ್ಲಿ ಕೂತಿತ್ತು. ‘ಚೀಟಿ ಇಲ್ಲ’ ಎಂದು ಮುಚ್ಚಳ ತೆಗೆದ ನಿಮಿಷಕ್ಕೇ ಬರೆದುಬಿಟ್ಟವಳು ನಾನು. ಅದನ್ನು ಆ ಮನುಷ್ಯನ ಮುಖದ ಮೇಲೆ ಓದಿದವಳು ನಾನು. ಅದೇ ಡಬ್ಬಿಯಿಂದ ಪಾನಕ ಮಾಡಿ ಅವರಿಗೇ ಕುಡಿಸಿ, ತಪ್ಪನ್ನು ಕಂಡಕ್ಟರನ ಮೇಲೆ ಹಾಕಿದವಳೂ ನಾನೇ. ಅತಿಥಿಯಾಗಿ ಬಂದವರು ಮನೆಯಾಕೆಗೆ “ತಳ ನೋಡಿರಿ” ಎಂದು ಹೇಳಬಾರದೆಂದು ಅವರು ಲೋಟ ಖಾಲಿ ಮಾಡಿ, ಚೀಟಿ ಬಸ್ಸಿನಲ್ಲಿ ಬಿದ್ದಿರಬೇಕು ಎಂದು ಮಾತು ಮುಗಿಸಿದ್ದರು. ಅತ್ತೆಗೆ ಚೀಟಿ ಓದಿ ಹೇಳಿದೆ. ಅವರು ಬಹಳ ಹೊತ್ತು ನಕ್ಕು, “ಎಲ್ಲಾ ಬರೀತಿ, ನೋಡೂದೊಂದು ಬಿಡ್ತಿ,” ಎಂದರು.

ಡಬ್ಬಿಯನ್ನು ಬರಿದು ಮಾಡಿ ತಿರುಗಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ತೊಳೆದು ಒರೆಸಿ ಶೇಂಗಾ ಉಂಡಿ ತುಂಬಿದೆ. ಒಂದು ಕಾಗದ ತೆಗೆದುಕೊಂಡು ನಡೆದದ್ದನ್ನು ಇದ್ದ ಹಾಗೆ ಬರೆದು, ಕಂಡಕ್ಟರರಿಗೂ ನನ್ನ ಪರವಾಗಿ ಎರಡು ಉಂಡಿ ಕೊಡಬೇಕೆಂದು ಕೇಳಿಕೊಂಡು, ಆ ಚೀಟಿಯನ್ನು ಎಲ್ಲಕ್ಕಿಂತ ಮೇಲೆ ಇಟ್ಟು ಮುಚ್ಚಳ ಹಾಕಿದೆ. ಬೆಳಗಿನ ಜೋಯಿಡಾ ಬಸ್ಸಿಗೆ ಹೋಗಬೇಕೆಂದು ಬಾಗಿಲ ಬಳಿ ಇಟ್ಟೆ. ದಿನಚರಿ ತೆಗೆದು ಹದಿನೈದು ದಿನದ ಹಿಂದಿನ ಪುಟದಲ್ಲಿ ‘ಚೀಟಿ ಇಲ್ಲ’ ಎಂಬುದನ್ನು ಹೊಡೆದುಹಾಕಿ, ಬದಿಗೆ ‘ಸಣ್ಣ ದುರಸ್ತಿ’ ಎಂದು ಬರೆದೆ.

ಊಟಕ್ಕೆ ಅನ್ನ, ಮುರುಗಲ ಸಾರು, ಹುರಿದ ಹಪ್ಪಳ, ಉಳಿದಿದ್ದ ಹಲಸಿನ ತೊಳ. ಸಾರಿಗೆ ಉಪ್ಪು ಅತ್ತೆಯೊಬ್ಬರೇ ಹಾಕಿದರು, ನಮ್ಮವರು ರುಚಿ ನೋಡಿ ಸರಿಯಿದೆ ಎಂದರು. ನಮ್ಮ ಮನೆಯಲ್ಲಿ ಯಾವಾಗಲೂ ಮೊದಲು ಮಲಗುವವರು ನಮ್ಮವರು, ಆಮೇಲೆ ಅತ್ತೆ, ಕೊನೆಗೆ ಬಾಗಿಲು ಹಾಕಿ, ದಿನಚರಿ ಮುಗಿಸಿ ನಾನು. ಸೋಮವಾರದ ಪುಟದಲ್ಲಿ ಮಾತ್ರ ಕೊನೆಯ ಸಾಲು ಖಾಲಿ ಉಳಿದಿತ್ತು. ಮರುದಿನ ಬೆಳಗ್ಗೆ ಅತ್ತೆ ಗುಳಿಗೆ ನುಂಗುವ ಮೊದಲು ಹೇಳಿ ಬರೆಸಿದರು: ಎಲ್ಲರಿಗಿಂತ ಮೊದಲು ಮಲಗಿದ್ದು ಸರೋಜಾ. ಗೋಡೆಗೆ ಒರಗಿಕೊಂಡು, ತೆರೆದ ದಿನಚರಿ ತೊಡೆಯ ಮೇಲೆ ಇಟ್ಟುಕೊಂಡು, ಎಂಟೂವರೆಗೆ.